ಸ್ಕಾಟ್ಲೆಂಡಿನಲ್ಲಿ ಓಟಿರುವ ಕನ್ನಡಿಗರಿಗೆ: ದಯವಿಟ್ಟು "ನಮಗ್ಯಾಕೆ" ಅನ್ನಬೇಡಿ

ಸ್ನೇಹಿತರೇ,

ಹೋದ ಭಾನುವಾರ ನಾವು ಇಪ್ಪತ್ತು ಮನೆಯವರು ಇಲ್ಲಿ ಗ್ಲಾಸ್ಗೋದ ಒಂದು ಹಾಲ್‌ನಲ್ಲಿ ಊಟಕ್ಕೆ ಸೇರಿದ್ದೆವು. ಬಿಸಿಬೇಳೆಬಾತ್ ಬಡಿಸುವ ಹೊತ್ತಿಗೆ ಮಾತು ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಕಡೆಗೆ ಹೋಯಿತು. ಇನ್ನೊಂದು ಜನಮತಗಣನೆ ಆಗಬೇಕಾ, ಬೇಡ್ವಾ ಅಂತ. ಎರಡು ನಿಮಿಷವೂ ಆಗಿರಲಿಲ್ಲ, ಒಬ್ಬರು "ಅಯ್ಯೋ ಬಿಡಿ, ಅದು ಅವರ ಮನೆ ಜಗಳ, ನಮಗ್ಯಾಕೆ" ಅಂದರು. ಮಾತು ಅಲ್ಲಿಗೇ ನಿಂತಿತು. ಎಲ್ಲರೂ ಮಕ್ಕಳ ಪರೀಕ್ಷೆ, ಊರಿಗೆ ಹೋಗುವ ಟಿಕೆಟ್ಟಿನ ರೇಟು ಅಂತ ಬೇರೆ ಮಾತಿಗೆ ಹೋದರು. ನಾನೂ ಆಗ ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಅದು ಮನಸ್ಸು ಬಿಟ್ಟು ಹೋಗಲೇ ಇಲ್ಲ, ಅದಕ್ಕೇ ಈ ಪತ್ರ.

ಇದು ಅವರ ಮನೆ ಜಗಳ ಮಾತ್ರ ಅಲ್ಲ. ನಮಗೂ ಓಟಿದೆ.

ಸ್ಕಾಟ್ಲೆಂಡ್ ಬ್ರಿಟನ್ ಬಿಟ್ಟು ಸ್ವತಂತ್ರ ದೇಶ ಆಗಬೇಕಾ ಅಂತ 2014ರ ಸೆಪ್ಟೆಂಬರ್ 18ರ ಗುರುವಾರ ಜನಮತಗಣನೆ ನಡೆದಾಗ ನಾನು ಓಟು ಹಾಕಿದ್ದೆ. ಆಗ ನನ್ನ ಕೈಯಲ್ಲಿ ಇದ್ದದ್ದು ಭಾರತದ ಪಾಸ್‌ಪೋರ್ಟೇ. ಬ್ರಿಟಿಷ್ ಪೌರತ್ವ ಇರಲಿಲ್ಲ. ಕಾಮನ್‌ವೆಲ್ತ್ ದೇಶದವರು ಸ್ಕಾಟ್ಲೆಂಡಿನಲ್ಲಿ ವಾಸವಿದ್ದು, ಇಲ್ಲಿರಲು ಕಾನೂನಿನ ಅನುಮತಿ ಇದ್ದರೆ ಸಾಕಿತ್ತು. ಅದೇ ಹೊತ್ತಿಗೆ ಅಬರ್ಡೀನ್‌ನಲ್ಲಿ ಹುಟ್ಟಿ ಬೆಳೆದು, ಕೆಲಸಕ್ಕೆಂದು ಲಂಡನ್ನಿಗೆ ಹೋದವರಿಗೆ ಓಟು ಇರಲಿಲ್ಲ. ಇದನ್ನು ಒಂದು ಸಲ ಯೋಚಿಸಿ ನೋಡಿ. ಈ ನಾಡಿನ ಸಂಸತ್ತು ಕೂತು ಕಾನೂನು ಮಾಡಿ, ರಕ್ತ ಯಾವುದು ಅಂತ ಕೇಳದೆ, ನೀವು ಎಲ್ಲಿ ಬದುಕುತ್ತಿದ್ದೀರಿ ಅಂತ ಕೇಳಿತು. ನಮ್ಮನ್ನು ಮನೆಯವರು ಅಂತ ಲೆಕ್ಕಕ್ಕೆ ತೆಗೆದುಕೊಂಡಿತು. ನಾವೇ ಹೊರಗೆ ನಿಂತು "ಅದು ಅವರದು" ಅಂದರೆ ಅದು ಸರಿಯಾ?

ಆ ದಿನ ನಾನು "ನೋ" ಹಾಕಿದೆ. ಅದನ್ನು ಮುಚ್ಚಿಡುವುದಿಲ್ಲ. ಆಗಷ್ಟೇ ಸಾಲ ಮಾಡಿ ಫ್ಲ್ಯಾಟ್ ತಗೊಂಡಿದ್ದೆವು. ಬೇರೆ ದೇಶವಾದರೆ ಪೌಂಡ್ ಹಂಚಿಕೊಳ್ಳುವುದಿಲ್ಲ ಅಂತ ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಫೆಬ್ರವರಿಯಲ್ಲೇ ಹೇಳಿದ್ದರು. ಕೊನೆಯ ವಾರಗಳಲ್ಲಿ ದೊಡ್ಡ ಬ್ಯಾಂಕುಗಳು ನೋಂದಾಯಿತ ಕಚೇರಿಯನ್ನು ದಕ್ಷಿಣಕ್ಕೆ ಸಾಗಿಸುವ ಮಾತಾಡಿದವು. ಸಂಬಳ ಯಾವ ಕರೆನ್ಸಿಯಲ್ಲಿ, ಸಾಲ ಯಾವ ಕರೆನ್ಸಿಯಲ್ಲಿ ಅನ್ನುವುದು ಗೊತ್ತಿಲ್ಲದೆ ಹೇಗೆ ಧೈರ್ಯ ಮಾಡುವುದು ಅಂತ ನನಗನ್ನಿಸಿತು. ನನ್ನ ಹೆಂಡತಿ "ಯೆಸ್" ಹಾಕಿದಳು. ಅವಳು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಜನ ಸಾಲದು ಅಂತ ವಾರ್ಡ್‌ನಲ್ಲಿ ಒದ್ದಾಡುವುದು ಇಲ್ಲಿ, ಯಾರು ಬರಬಹುದು ಅಂತ ವೀಸಾ ನಿಯಮ ಬರೆಯುವುದು ಲಂಡನ್ನಿನಲ್ಲಿ, ಅದು ಅವಳಿಗೆ ಸರಿ ಕಾಣಲಿಲ್ಲ. ಒಂದೇ ಶಾಲೆಯ ಮತಗಟ್ಟೆಗೆ ಒಟ್ಟಿಗೆ ನಡೆದುಕೊಂಡು ಹೋಗಿ ಎರಡು ಬೇರೆ ಗುರುತು ಹಾಕಿ, ಒಟ್ಟಿಗೇ ವಾಪಸ್ ಬಂದೆವು. ಮಗಳು ಆಗ ಪ್ರೈಮರಿ ಒಂದನೇ ಕ್ಲಾಸಿಗೆ ಸೇರಿ ಒಂದು ತಿಂಗಳಾಗಿತ್ತು.

ಫಲಿತಾಂಶ ನಿಮಗೆಲ್ಲ ಗೊತ್ತು. "ನೋ" 20,01,926, "ಯೆಸ್" 16,17,989. ಶೇಕಡಾ 55.3 ಮತ್ತು 44.7. ನಮ್ಮ ಗ್ಲಾಸ್ಗೋ ಮಾತ್ರ "ಯೆಸ್" ಅಂದಿತ್ತು, ಜೊತೆಗೆ ಡಂಡೀ, ವೆಸ್ಟ್ ಡನ್‌ಬಾರ್ಟನ್‌ಷೈರ್, ನಾರ್ತ್ ಲ್ಯಾನಾರ್ಕ್‌ಷೈರ್. 32 ಕೌನ್ಸಿಲ್‌ಗಳಲ್ಲಿ ನಾಲ್ಕೇ ನಾಲ್ಕು. ಆದರೆ ನನಗೆ ಈಗಲೂ ನೆನಪಾಗುವುದು ಆ ಸಂಖ್ಯೆಗಳಲ್ಲ, ಶೇಕಡಾ 84.6 ಅನ್ನುವ ಇನ್ನೊಂದು ಸಂಖ್ಯೆ. ಅಷ್ಟು ಜನ ಬಂದು ಓಟು ಹಾಕಿದ್ದರು. ಹದಿನಾರು ವರ್ಷದ ಹುಡುಗರು ಶಾಲೆಯ ಟೈ ಕಟ್ಟಿಕೊಂಡೇ ಬಂದಿದ್ದರು. ಬಸ್ಸಿನಲ್ಲಿ, ಪಬ್ಬಿನಲ್ಲಿ, ಸಲೂನಿನಲ್ಲಿ ಪಿಂಚಣಿ, ತೈಲ, ಅಣ್ವಸ್ತ್ರ, ಗಡಿ ಅಂತ ಜನ ಮಾತಾಡಿದ ಹಾಗೆ ನಾನು ಮತ್ಯಾವತ್ತೂ ಕೇಳಿಲ್ಲ. ರಾಜಕೀಯ ಅಂದರೆ ಮುಖ ತಿರುಗಿಸುತ್ತಿದ್ದವರು ಕೂಡ ಸ್ವಾತಂತ್ರ್ಯದ ಬಗ್ಗೆ ಸ್ಕಾಟ್ಲೆಂಡ್ ಸರ್ಕಾರ ಹೊರಡಿಸಿದ ದಪ್ಪ ಶ್ವೇತಪತ್ರ ಓದುತ್ತಿದ್ದರು.

ಅದು ಅಷ್ಟು ಚೆನ್ನಾಗಿ ನಡೆದದ್ದಕ್ಕೆ ಒಂದು ಕಾರಣವಿದೆ. 2012ರ ಅಕ್ಟೋಬರ್ 15ರಂದು ಆಗಿನ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಮತ್ತು ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಮಂಡ್ ಎಡಿನ್‌ಬರೋದಲ್ಲಿ ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಇಬ್ಬರ ಆಸೆಯೂ ಪೂರ್ತಿ ಉಲ್ಟಾ. ಆದರೂ ಯಾವಾಗಿನೊಳಗೆ ಕೇಳಬೇಕು, ಒಂದೇ ಪ್ರಶ್ನೆ ಇರಬೇಕು, ಫಲಿತಾಂಶ ಏನೇ ಬಂದರೂ ಗೌರವಿಸಬೇಕು ಅಂತ ಒಪ್ಪಿಕೊಂಡರು. 1998ರ ಸ್ಕಾಟ್ಲೆಂಡ್ ಕಾಯ್ದೆಯ ಸೆಕ್ಷನ್ 30ರ ಆದೇಶದ ಮೂಲಕ ಲಂಡನ್ ಆ ಒಂದು ಸಲಕ್ಕೆ ಹಾಲಿರೂಡ್‌ಗೆ, ಅಂದರೆ ಸ್ಕಾಟ್ಲೆಂಡಿನ ಸಂಸತ್ತಿಗೆ, ಅಧಿಕಾರ ಕೊಟ್ಟಿತು. ಪ್ರಶ್ನೆಯ ಮಾತನ್ನು ಕೂಡ ಚುನಾವಣಾ ಆಯೋಗ ತಿದ್ದಿತು. ಮೊದಲು "ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕು ಎಂಬುದನ್ನು ನೀವು ಒಪ್ಪುತ್ತೀರಾ" ಅಂತಿತ್ತು. "ಒಪ್ಪುತ್ತೀರಾ" ಅಂದರೆ ಜನರನ್ನು ಹೌದು ಅನ್ನುವ ಕಡೆಗೆ ತಳ್ಳಿದ ಹಾಗಾಗುತ್ತದೆ ಅಂತ ಅದನ್ನು ತೆಗೆದು "ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕೇ" ಅಂತ ಮಾಡಿದರು. ಎಷ್ಟು ಸಣ್ಣ ವಿಷಯ, ಆದರೆ ಎಷ್ಟು ಮುಖ್ಯ ಅಲ್ವಾ?

ಆ ಒಪ್ಪಂದದಲ್ಲಿ ಒಂದೇ ಒಂದು ವಿಷಯ ಬಿಟ್ಟುಹೋಯಿತು. ಮುಂದೆ ಯಾವತ್ತಾದರೂ ಮತ್ತೆ ಕೇಳಬೇಕು ಅನ್ನಿಸಿದರೆ ಯಾರು ಕೇಳಬೇಕು, ಯಾವಾಗ ಕೇಳಬಹುದು? ಅದನ್ನು ಯಾರೂ ಬರೆಯಲಿಲ್ಲ. ಅಂದಿನಿಂದ ಇಂದಿನವರೆಗೆ ನಾವು ಒದ್ದಾಡುತ್ತಿರುವುದು ಆ ಬರೆಯದೆ ಬಿಟ್ಟ ಸಾಲಿನಿಂದ.

"ಒಂದು ತಲೆಮಾರಿಗೆ ಒಮ್ಮೆ ಬರುವ ಅವಕಾಶ" ಅಂತ ಆಗ "ಯೆಸ್" ಕಡೆಯವರೇ ಹೇಳಿದ್ದರು, ನಿಜ. ಸರ್ಕಾರದ ಶ್ವೇತಪತ್ರದಲ್ಲೂ ಇತ್ತು, ಸಾಮಂಡ್ ಬಾಯಲ್ಲೂ ಬಂದಿತ್ತು. "ನೋ" ಅಂದವರು ಇವತ್ತಿಗೂ ಅದನ್ನೇ ಎತ್ತಿ ತೋರಿಸುತ್ತಾರೆ. ನಾನೂ ಎರಡು ವರ್ಷ ಅದನ್ನೇ ಹೇಳುತ್ತಿದ್ದೆ. ಆದರೆ 2016ರ ಜೂನ್ 23 ಬಂತು. ಯುರೋಪ್ ಒಕ್ಕೂಟ ಬಿಡಬೇಕಾ ಅಂತ ಇಡೀ ಬ್ರಿಟನ್ನನ್ನು ಕೇಳಿದಾಗ ಶೇಕಡಾ 51.9 ಜನ ಬಿಡೋಣ ಅಂದರು. ಸ್ಕಾಟ್ಲೆಂಡಿನಲ್ಲಿ ಶೇಕಡಾ 62 ಜನ ಬೇಡ, ಇರೋಣ ಅಂದರು. 32 ಕೌನ್ಸಿಲ್‌ಗಳಲ್ಲಿ ಒಂದೂ ಬಿಡದೆ ಎಲ್ಲ ಕಡೆಯೂ "ಇರೋಣ" ಗೆದ್ದಿತ್ತು. 2014ರಲ್ಲಿ ನಮಗೆ ಹೇಳಿದ್ದೇನು? ಯುರೋಪಿನಲ್ಲಿ ಇರಬೇಕಾದರೆ ಬ್ರಿಟನ್ನಿನಲ್ಲೇ ಇರಿ, ಅದೇ ಸುರಕ್ಷಿತ ದಾರಿ ಅಂತ. ಆ ಮಾತನ್ನು ನಂಬಿ ಓಟು ಹಾಕಿದವರಲ್ಲಿ ನಾನೂ ಒಬ್ಬ. ಎರಡು ವರ್ಷ ತುಂಬುವ ಮುಂಚೆ ಆ ಮಾತು ಉಳಿಯಲಿಲ್ಲ.

ಅದೇ ವರ್ಷದ ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. ನಮ್ಮ ಮೇಲಿನ ಮಹಡಿಯಲ್ಲಿ ಪೋಲೆಂಡಿನ ಒಂದು ಸಂಸಾರ ಇತ್ತು. 2014ರಲ್ಲಿ ಅವರೂ ಓಟು ಹಾಕಿದ್ದರು. 2016ರಲ್ಲಿ ಅವರಿಗೆ ಓಟಿಲ್ಲ, ನನಗಿದೆ. ಅವರು ಯುರೋಪಿನವರು, ತೀರ್ಮಾನ ಆಗುತ್ತಿರುವುದು ಅವರ ಬದುಕು, ಓಟು ಹಾಕುವವನು ನಾನು. ಮತಪಟ್ಟಿಯಲ್ಲಿ ಯಾರಿರಬೇಕು ಅನ್ನುವ ನಿಯಮ ಒಂದು ಸಂಸಾರಕ್ಕೆ ಏನು ಮಾಡಬಹುದು ಅಂತ ನನಗೆ ಆಗ ಅರ್ಥ ಆಯಿತು. ಅವರು ಆಮೇಲೆ ಊರಿಗೆ ವಾಪಸ್ ಹೋದರು.

ಇಷ್ಟಾದ ಮೇಲೆ ಪರಿಸ್ಥಿತಿ ಬದಲಾಯಿತಾ, ಇಲ್ವಾ? ಮತ್ತೆ ಕೇಳಬೇಕಾ? ಇದಕ್ಕೆ ಉತ್ತರ ಹೇಳುವ ಅಧಿಕಾರ ಯಾರದು ಅಂತ ಬರೆದೇ ಇಲ್ಲದ ಕಾರಣ, ಒಬ್ಬೊಬ್ಬರು ತಮ್ಮ ತಮ್ಮ ಸೇರಿನಲ್ಲಿ ಅಳೆಯತೊಡಗಿದರು. 2017ರಲ್ಲಿ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥೆಯಾಗಿದ್ದ ನಿಕೋಲಾ ಸ್ಟರ್ಜನ್ ಕೇಳಿದಾಗ ಬ್ರಿಟನ್ ಪ್ರಧಾನಿ ತೆರೇಸಾ ಮೇ "ಈಗ ಸಮಯ ಅಲ್ಲ" ಅಂದರು. 2020ರ ಜನವರಿಯಲ್ಲಿ ಆಮೇಲಿನ ಪ್ರಧಾನಿ ಬೋರಿಸ್ ಜಾನ್ಸನ್ ಪತ್ರ ಬರೆದು ಆಗಲ್ಲ ಅಂದರು. 2021ರ ಹಾಲಿರೂಡ್ ಚುನಾವಣೆಯಲ್ಲಿ 129 ಸೀಟುಗಳಲ್ಲಿ ಸ್ಟರ್ಜನ್ ಅವರ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ (ಎಸ್‌ಎನ್‌ಪಿ) 64, ಗ್ರೀನ್ಸ್ ಪಕ್ಷಕ್ಕೆ 8, ಅಂದರೆ ಜನಮತಗಣನೆ ಬೇಕು ಅಂದವರು 72 ಜನ ಗೆದ್ದರು. ಆಗಲೂ ಲಂಡನ್ ಒಪ್ಪಲಿಲ್ಲ. 2023ರ ಅಕ್ಟೋಬರ್ 19 ಅಂತ ಸ್ಟರ್ಜನ್ ತಾರೀಖನ್ನೇ ಹೇಳಿಬಿಟ್ಟರು. ಮಾಡಬಹುದಾ ಅಂತ ಸುಪ್ರೀಂ ಕೋರ್ಟಿಗೆ ಹೋದರು. 2022ರ ನವೆಂಬರ್ 23ರಂದು ಐವರು ನ್ಯಾಯಾಧೀಶರು ಒಮ್ಮತದಿಂದ ಹೇಳಿದರು: ಸ್ಕಾಟ್ಲೆಂಡ್, ಇಂಗ್ಲೆಂಡ್ ಎರಡು ರಾಜ್ಯಗಳ ಒಕ್ಕೂಟದ ವಿಷಯ ಲಂಡನ್ ಸಂಸತ್ತಿಗೆ ಕಾದಿಟ್ಟದ್ದು, ಬರೀ ಸಲಹೆ ಕೇಳುವ ಮತದಾನವಾದರೂ ಹಾಲಿರೂಡ್ ತಾನಾಗಿ ಕಾನೂನು ಮಾಡುವ ಹಾಗಿಲ್ಲ.

ಆ ತೀರ್ಪಿನಲ್ಲಿ ತಪ್ಪಿದೆ ಅಂತ ನಾನು ಹೇಳುತ್ತಿಲ್ಲ. ಕಾನೂನಿನಲ್ಲಿ ಇದ್ದದ್ದನ್ನು ಅವರು ಓದಿದರು. ಆದರೆ ಆ ದಿನದಿಂದ ಸ್ಕಾಟ್ಲೆಂಡಿನ ಜನರಿಗೆ ಬಾಗಿಲು ಎಲ್ಲಿದೆ ಅಂತಲೇ ಗೊತ್ತಿಲ್ಲದ ಸ್ಥಿತಿ ಬಂತು. ಎಸ್‌ಎನ್‌ಪಿ ಮುಂದಿನ ಸಾರ್ವತ್ರಿಕ ಚುನಾವಣೆಯನ್ನೇ ಜನಮತಗಣನೆ ಅಂದುಕೊಳ್ಳೋಣ ಅಂತ ಸ್ವಲ್ಪ ದಿನ ಹೇಳಿತು, ಆಮೇಲೆ ಆ ಮಾತು ಕೈಬಿಟ್ಟಿತು. 2024ರ ಜುಲೈನಲ್ಲಿ ಆ ಪಕ್ಷ ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ಅಂದರೆ ಲಂಡನ್ ಸಂಸತ್ತಿನಲ್ಲಿ, 9 ಸೀಟಿಗೆ ಇಳಿಯಿತು. ಅಷ್ಟಕ್ಕೇ ಪ್ರಶ್ನೆ ಮುಗಿಯಿತು ಅಂತ ಎದುರಾಳಿಗಳು ಹೇಳಿದರು. ಆದರೆ ಸ್ವಾತಂತ್ರ್ಯದ ಬಗ್ಗೆ ಜನರನ್ನು ಕೇಳಿದಾಗಲೆಲ್ಲ ನಾಡು ಹೆಚ್ಚು ಕಡಿಮೆ ಅರ್ಧಕ್ಕರ್ಧ ಒಡೆದೇ ನಿಂತಿದೆ. ಆಮೇಲೆ ಎಸ್‌ಎನ್‌ಪಿ ನಾಯಕರಾಗಿ ಬಂದ ಜಾನ್ ಸ್ವಿನ್ನಿ, 2011ರ ಹಾಗೆ ತಮ್ಮ ಪಕ್ಷಕ್ಕೊಂದೇ ಬಹುಮತ ಬಂದರೆ ಅದೇ ಜನಾದೇಶ ಅಂದರು. 2011ರಲ್ಲಿ 69 ಸೀಟು ಬಂದಿತ್ತು, ಅದರ ಮೇಲೇ ಕ್ಯಾಮರೂನ್ ಒಪ್ಪಿದ್ದು. ಹೀಗೆ ಒಂದೊಂದು ಸಲಕ್ಕೆ ಒಂದೊಂದು ಲೆಕ್ಕ. ಹೌದು ಅನ್ನುವವರಿಗೂ ಇಲ್ಲ ಅನ್ನುವವರಿಗೂ ಇದರಿಂದ ನೆಮ್ಮದಿ ಇಲ್ಲ.

ನನ್ನನ್ನು ಬೆಚ್ಚಿಬೀಳಿಸಿದ ಒಂದು ವಿಷಯ ಹೇಳುತ್ತೇನೆ. 2016ರ ಸ್ಕಾಟ್ಲೆಂಡ್ ಕಾಯ್ದೆಯ ಮೊದಲನೇ ಸೆಕ್ಷನ್ನಿನಲ್ಲೇ ಹೀಗಿದೆ: ಸ್ಕಾಟ್ಲೆಂಡಿನ ಸಂಸತ್ತು ಶಾಶ್ವತ, ಜನಮತಗಣನೆಯಲ್ಲಿ ಸ್ಕಾಟ್ಲೆಂಡಿನ ಜನ ತೀರ್ಮಾನಿಸದ ಹೊರತು ಅದನ್ನು ತೆಗೆಯುವ ಹಾಗಿಲ್ಲ. ನೋಡಿ, ಸಂಸತ್ತನ್ನು ಮುಚ್ಚಬೇಕಾದರೆ ಜನರನ್ನು ಕೇಳಬೇಕು ಅಂತ ಬರೆದಿದ್ದಾರೆ. ಒಕ್ಕೂಟದಲ್ಲಿ ಇರಬೇಕಾ ಅಂತ ಜನರನ್ನು ಯಾವಾಗ ಕೇಳಬಹುದು ಅಂತ ಮಾತ್ರ ಎಲ್ಲೂ ಇಲ್ಲ.

ಬರೆಯಲು ಆಗದ ವಿಷಯವೇನೂ ಅಲ್ಲ ಇದು. ಇದೇ ಬ್ರಿಟನ್ ಉತ್ತರ ಐರ್ಲೆಂಡಿಗೆ ಬರೆದುಕೊಟ್ಟಿದೆ. 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದ, ಆಮೇಲೆ ಬಂದ ಕಾಯ್ದೆ, ಎರಡರಲ್ಲೂ ಇದೆ. ಐರ್ಲೆಂಡಿನ ಜೊತೆ ಸೇರಲು ಬಹುಮತ ಸಿಗುವ ಹಾಗೆ ಕಂಡರೆ ಲಂಡನ್ನಿನ ಮಂತ್ರಿ ಮತದಾನ ನಡೆಸಲೇಬೇಕು. ಒಂದು ಸಲ ನಡೆದ ಮೇಲೆ ಏಳು ವರ್ಷ ಮತ್ತೆ ನಡೆಸುವ ಹಾಗಿಲ್ಲ. "ಕಂಡರೆ" ಅಂದರೆ ಏನು ನೋಡಿ ಕಾಣಬೇಕು ಅಂತ ಅಲ್ಲಿಯೂ ಸ್ಪಷ್ಟ ಇಲ್ಲ, ಅದರ ಮೇಲೆ ವಾದ ಇದ್ದೇ ಇದೆ. ಆದರೂ ಬಾಗಿಲು ಎಲ್ಲಿದೆ ಅಂತ ಗೊತ್ತು. ಮೂವತ್ತು ವರ್ಷ ರಕ್ತ ಹರಿದ ಜಾಗಕ್ಕೆ ಬರೆದುಕೊಟ್ಟದ್ದನ್ನು, ಒಂದು ಕಲ್ಲೂ ಎಸೆಯದೆ ಮಾತಾಡುತ್ತಾ ಕೂತ ಸ್ಕಾಟ್ಲೆಂಡಿಗೆ ಕೊಡದೆ ಇರುವುದು ಯಾವ ನ್ಯಾಯ?

ನಿಯಮವನ್ನು ಆಟ ಶುರುವಾದ ಮೇಲೆ ತಿದ್ದಿದರೆ ಏನಾಗುತ್ತದೆ ಅಂತಲೂ ಈ ನಾಡು ನೋಡಿದೆ. 1979ರ ಮಾರ್ಚ್ 1ರಂದು, ಸ್ಕಾಟ್ಲೆಂಡಿಗೆ ಸ್ವಂತ ಶಾಸನಸಭೆ ಬೇಕಾ ಅಂತ ಕೇಳಿದ್ದರು. ಓಟು ಹಾಕಿದವರಲ್ಲಿ ಶೇಕಡಾ 51.6 ಜನ ಬೇಕು ಅಂದರು. ಆದರೂ ಆಗಲಿಲ್ಲ. ಮಸೂದೆ ಚರ್ಚೆಯಲ್ಲಿದ್ದಾಗ ಒಂದು ತಿದ್ದುಪಡಿ ಸೇರಿಸಿದ್ದರು: ಮತಪಟ್ಟಿಯಲ್ಲಿರುವ ಎಲ್ಲರ ಪೈಕಿ ಶೇಕಡಾ 40 ಜನ ಬೇಕು ಅನ್ನಬೇಕು ಅಂತ. ಬಂದದ್ದು 32.9.  ಮನೆಯಿಂದ ಹೊರಗೇ ಬರದವರೆಲ್ಲರೂ "ಬೇಡ" ಅಂದ ಲೆಕ್ಕಕ್ಕೆ ಹೋದರು. ಆ ಕಹಿ ಹದಿನೆಂಟು ವರ್ಷ ಉಳಿಯಿತು. 1997ರ ಸೆಪ್ಟೆಂಬರ್ 11ರಂದು ಮತ್ತೆ ಕೇಳಿದರು, ಶೇಕಡಾ 74.3 ಜನ ಹೌದು ಅಂದರು, 1999ರಲ್ಲಿ ಹಾಲಿರೂಡ್ ಸಂಸತ್ತು ಸೇರಿತು. ಎರಡನೇ ಸಲ ಕೇಳುವುದೇ ಪ್ರಜಾಪ್ರಭುತ್ವಕ್ಕೆ ವಿರುದ್ಧ ಅಂತ ಯಾರಾದರೂ ನಿಮಗೆ ಹೇಳಿದರೆ ಇದನ್ನು ನೆನಪಿಸಿ. ಇವತ್ತು ಸ್ವಾತಂತ್ರ್ಯ ಬೇಡ ಅನ್ನುವ ಪಕ್ಷಗಳೂ ಕೂತು ಮಾತಾಡುವ ಆ ಸಂಸತ್ತು ಎರಡನೇ ಸಲ ಕೇಳಿದ್ದರಿಂದಲೇ ಬಂದದ್ದು.

ಹಾಗಂತ ಒಪ್ಪಿಗೆ ಇಲ್ಲದೆ ನಡೆಸಿಬಿಡೋಣ ಅನ್ನುವವರ ಜೊತೆಗೂ ನಾನಿಲ್ಲ. ನಮ್ಮಲ್ಲೂ ಕೆಲವು ಹುಡುಗರು ಹಾಗೆ ಹೇಳುವುದನ್ನು ಕೇಳಿದ್ದೇನೆ. ಕ್ಯಾಟಲೋನಿಯಾದಲ್ಲಿ 2017ರ ಅಕ್ಟೋಬರ್ 1ರಂದು ಹಾಗೇ ಮಾಡಿದರು. ಪೊಲೀಸರು ಮತಗಟ್ಟೆಗಳಿಗೆ ನುಗ್ಗಿದರು, ವಿರೋಧಿಸುವವರಲ್ಲಿ ಹೆಚ್ಚಿನವರು ಓಟಿಗೇ ಬರಲಿಲ್ಲ, ಬಂದವರು ಶೇಕಡಾ 43 ಮಾತ್ರ, ನಾಯಕರು ಕೆಲವರು ಜೈಲಿಗೆ ಹೋದರು, ಕೆಲವರು ದೇಶ ಬಿಟ್ಟರು. ದಕ್ಷಿಣ ಪೆಸಿಫಿಕ್‌ನಲ್ಲಿರುವ ಫ್ರಾನ್ಸಿನ ನ್ಯೂ ಕ್ಯಾಲಿಡೋನಿಯಾದ ಕಥೆ ಇನ್ನೂ ಜಾಸ್ತಿ ಯೋಚನೆಗೆ ಹಚ್ಚುತ್ತದೆ. ಅಲ್ಲಿ ಒಪ್ಪಂದದಲ್ಲೇ ಮೂರು ಸಲ ಕೇಳಬಹುದು ಅಂತ ಬರೆದಿದ್ದರು. 2018ರಲ್ಲಿ ಶೇಕಡಾ 56.7 ಜನ ಬೇಡ ಅಂದರು. 2020ರಲ್ಲಿ ಅದು 53.3ಕ್ಕೆ ಇಳಿಯಿತು. ಮೂರನೆಯದು 2021ರ ಡಿಸೆಂಬರ್ 12. ಅಲ್ಲಿನ ಮೂಲನಿವಾಸಿ ಕನಕ್ ಜನರಲ್ಲಿ ಕೋವಿಡ್‌ನಿಂದ ತುಂಬ ಸಾವಾಗಿತ್ತು, ನಮಗೆ ದುಃಖದ ಕಾಲ ಇದೆ, ಮುಂದೂಡಿ ಅಂದರು. ಪ್ಯಾರಿಸ್ ಕೇಳಲಿಲ್ಲ. ಅವರು ಬಹಿಷ್ಕರಿಸಿದರು. ಶೇಕಡಾ 96.5 "ಬೇಡ" ಅಂತ ಬಂತು, ಓಟು ಹಾಕಿದವರು ಶೇಕಡಾ 44ರಷ್ಟೂ ಇರಲಿಲ್ಲ. ಆ ಫಲಿತಾಂಶವನ್ನು ಸ್ವಾತಂತ್ರ್ಯವಾದಿಗಳು ಒಪ್ಪಲೇ ಇಲ್ಲ. 2024ರ ಮೇ ತಿಂಗಳಲ್ಲಿ ಅಲ್ಲಿ ಮತಪಟ್ಟಿಯ ವಿಷಯಕ್ಕೇ ಬೆಂಕಿ ಹತ್ತಿತು, ಜೀವಗಳು ಹೋದವು. ನಿಯಮ ಇದ್ದರೂ, ಅದನ್ನು ಇಬ್ಬರೂ ಒಪ್ಪಿ ನಡೆಸದಿದ್ದರೆ ಸೋತವರ ಮನೆ ಬಾಗಿಲಲ್ಲಿ ಆ ಫಲಿತಾಂಶಕ್ಕೆ ಬೆಲೆ ಇರುವುದಿಲ್ಲ. 2014ರ "ನೋ" ಅನ್ನು ಸೋತವರೂ ಮಾರನೇ ಬೆಳಿಗ್ಗೆ ಒಪ್ಪಿಕೊಂಡರಲ್ಲ, ಸಾಮಂಡ್ ಆ ದಿನವೇ ರಾಜೀನಾಮೆ ಹೇಳಿದರಲ್ಲ, ಅದಕ್ಕೆ ಆ ಒಪ್ಪಂದವೇ ಕಾರಣ.

ಬೇಡ ಅನ್ನುವವರ ನೋವನ್ನೂ ಹೇಳಲೇಬೇಕು. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ, ಗೋವನ್‌ನ ಹಡಗುಕಟ್ಟೆಯಲ್ಲಿ ಜೀವಮಾನ ಇಡೀ ಬೆಸುಗೆ ಕೆಲಸ ಮಾಡಿದವರು. ನನಗೆ ಇಲ್ಲಿ ಮೊದಲ ಚಳಿಗಾಲದಲ್ಲಿ ಬಾಯ್ಲರ್ ಹೇಗೆ ಹಚ್ಚುವುದು ಅಂತ ತೋರಿಸಿಕೊಟ್ಟವರು. ಅವರ ಮಗಳು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ. ಇವರಿಬ್ಬರ ನಡುವೆ ಗಡಿ ಬರುವುದು ಅಂದರೆ ಅವರಿಗೆ ಅದು ರಾಜಕೀಯ ಅಲ್ಲ, ಮೊಮ್ಮಕ್ಕಳ ಮಾತು. 2014ರಲ್ಲಿ ತಮ್ಮನ ಜೊತೆ ಜಗಳ ಆಗಿ ಇವತ್ತಿಗೂ ಇಬ್ಬರಲ್ಲಿ ಮಾತು ಸರಿ ಇಲ್ಲ. ಫಲಿತಾಂಶ ಬಂದ ದಿನದ ಸಂಜೆ ಗ್ಲಾಸ್ಗೋದ ಜಾರ್ಜ್ ಸ್ಕ್ವೇರ್‌ನಲ್ಲಿ ಗಲಾಟೆಯಾದಾಗ, ತಾನು ಓಟು ಹಾಕಿದ ಕಡೆಯವರೇ ಹಾಗೆ ಮಾಡಿದ್ದು ನೋಡಿ ಅವರಿಗೆ ತುಂಬ ಬೇಜಾರಾಗಿತ್ತು. "ಮತ್ತೆ ಎರಡು ವರ್ಷ ಹಾಗೆ ಬದುಕುವ ಶಕ್ತಿ ನನಗಿಲ್ಲ" ಅಂತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ನನಗೆ ಅನ್ನಿಸುವುದು ಇಷ್ಟು. ನಿಯಮ ಇಲ್ಲದೆ ಇರುವುದರಿಂದಲೇ ಪ್ರತಿ ಚುನಾವಣೆಯೂ ಅವರಿಗೆ 2014 ಆಗಿಬಿಟ್ಟಿದೆ. ಶಾಲೆ, ಆಸ್ಪತ್ರೆಯ ಕಾಯುವ ಪಟ್ಟಿ, ದ್ವೀಪಗಳಿಗೆ ಹೋಗುವ ಫೆರಿ, ಯಾವುದರ ಬಗ್ಗೆ ಓಟು ಕೇಳಿದರೂ ಕೊನೆಗೆ "ಇನ್ನೊಂದು ಜನಮತಗಣನೆ ತಡೆಯಿರಿ" ಅಥವಾ "ಇನ್ನೊಂದು ಜನಮತಗಣನೆ ತನ್ನಿ" ಅನ್ನುವಲ್ಲಿಗೇ ಬಂದು ನಿಲ್ಲುತ್ತದೆ. ಇಷ್ಟು ವರ್ಷ ಕೇಳುವ ಹಾಗಿಲ್ಲ, ಆಮೇಲೆ ಇಂಥ ಬಹುಮತ ಇದ್ದರೆ ಕೇಳಬಹುದು ಅಂತ ಬರೆದಿಟ್ಟರೆ ಆ ಅಜ್ಜನಿಗೂ ಸ್ವಲ್ಪ ನೆಮ್ಮದಿಯ ವರ್ಷಗಳು ಸಿಗುತ್ತವೆ.

ನನ್ನ ಮಟ್ಟಿಗೆ ಆ ನಿಯಮ ಹೀಗಿರಬೇಕು. ಒಂದು ಸಲ ಕೇಳಿದ ಮೇಲೆ ಹದಿನೈದು ವರ್ಷ ಕೇಳಬಾರದು. ಏಳು ಕಡಿಮೆ ಆಯಿತು, ಒಂದು ಜಗಳ ಆರುವಷ್ಟರಲ್ಲಿ ಇನ್ನೊಂದು ಹತ್ತುತ್ತದೆ. ಹದಿನೈದರ ಲೆಕ್ಕದಲ್ಲಿ 2029ರ ಮುಂಚೆ ಆಗದು, ಅದಕ್ಕೆ "ಯೆಸ್" ಕಡೆಯವರಿಗೆ ಕೋಪ ಬರಬಹುದು, ಬರಲಿ. ಆಮೇಲೆ ಹಾಲಿರೂಡ್‌ನಲ್ಲಿ ಸರಳ ಬಹುಮತ ಬಂದರೆ ಲಂಡನ್ ಇಲ್ಲ ಅನ್ನಬಾರದು, ಅದಕ್ಕೆ "ನೋ" ಕಡೆಯವರಿಗೆ ಕೋಪ ಬರಬಹುದು, ಅದೂ ಬರಲಿ. ಗೆಲ್ಲಲು ಹಾಕಿದ ಓಟಿನಲ್ಲಿ ಅರ್ಧಕ್ಕಿಂತ ಒಂದು ಜಾಸ್ತಿ ಇದ್ದರೆ ಸಾಕು, 1979ರ ಥರದ ಗೋಡೆ ಬೇಡ. ಪ್ರಶ್ನೆಯನ್ನು ಚುನಾವಣಾ ಆಯೋಗ ನೋಡಲಿ. ಇಲ್ಲಿ ವಾಸ ಮಾಡುವ ಎಲ್ಲರಿಗೂ, ಆ ಪೋಲೆಂಡಿನ ಸಂಸಾರದಂಥವರಿಗೂ, ಓಟಿರಲಿ. ಎಲ್ಲಕ್ಕಿಂತ ಮುಖ್ಯ, ಕರೆನ್ಸಿ ಯಾವುದು, ಇಂಗ್ಲೆಂಡಿನ ಗಡಿಯಲ್ಲಿ ಏನಾಗುತ್ತದೆ, ಪಿಂಚಣಿ ಯಾರು ಕೊಡುತ್ತಾರೆ ಅನ್ನುವುದನ್ನು ಎರಡೂ ಸರ್ಕಾರ ಕೂತು ಓಟಿನ ಮುಂಚೆಯೇ ಬರೆದು ಕೊಡಲಿ. 2014ರಲ್ಲಿ ತೈಲದ ಬೆಲೆ ಬ್ಯಾರೆಲ್ಲಿಗೆ 100 ಡಾಲರಿನ ಮೇಲಿದ್ದಾಗ ಹಾಕಿದ ಲೆಕ್ಕ, 2016ರ ಜನವರಿಯಲ್ಲಿ ಅದು 30ಕ್ಕಿಂತ ಕೆಳಗೆ ಹೋದಾಗ ಎಲ್ಲಿ ಉಳಿಯಿತು? ಯುರೋಪ್ ಬಿಡುವ ಓಟಿನಲ್ಲೂ ಇದೇ ಆಯಿತು. ಬಿಡುತ್ತೇವೆ ಅಂತ ಮೊದಲು ತೀರ್ಮಾನ ಆಯಿತು, ಹೇಗೆ ಅಂತ ಆಮೇಲೆ ಮೂರೂವರೆ ವರ್ಷ ಕಿತ್ತಾಡಿದರು.

ನಿಮ್ಮ ಲೆಕ್ಕ ಬೇರೆ ಇರಬಹುದು. ಇಪ್ಪತ್ತು ವರ್ಷ ಅನ್ನಿ, ಹತ್ತು ಅನ್ನಿ. ಆದರೆ ಏನಾದರೂ ಒಂದು ಅನ್ನಿ.

ನನಗೆ ಈ "ಕೇಳುವುದು" ಅನ್ನುವ ವಿಷಯ ಇಷ್ಟು ಯಾಕೆ ಹಚ್ಚಿಕೊಂಡಿದೆ ಅಂದರೆ, ನಾನು ಕಾಸರಗೋಡಿನವನು. ಅಜ್ಜ ಕನ್ನಡ ಶಾಲೆಯ ಮಾಷ್ಟ್ರು. 1956ರ ನವೆಂಬರ್ 1ರಂದು ಕನ್ನಡದವರೆಲ್ಲ ಒಂದಾದರು ಅಂತ ಬೇರೆ ಊರುಗಳಲ್ಲಿ ಹಬ್ಬ ಆಗುತ್ತಿದ್ದಾಗ ನಮ್ಮ ಊರು ಕೇರಳಕ್ಕೆ ಹೋಯಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಲಿ ಅಂತ ಬರೆಯಿತು, ಆದರೆ ಅದು ಜಾರಿಗೆ ಬರಲೇ ಇಲ್ಲ. ಅದೂ ಇದೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅಲ್ಲಿದ್ದದ್ದು ರಾಜ್ಯದ ಗಡಿಯ ಪ್ರಶ್ನೆ, ದೇಶ ಬಿಡುವ ಮಾತಲ್ಲ, ನಮ್ಮ ಊರಿನ ಮಲಯಾಳಿ ನೆರೆಯವರ ಜೊತೆ ನಮಗೆ ಒಳ್ಳೆಯ ಬಾಳ್ವೆಯೇ ಇದೆ. ಆದರೆ ಅಜ್ಜ ಸಾಯುವವರೆಗೂ ಒಂದು ಮಾತು ಹೇಳುತ್ತಿದ್ದರು: "ಆ ಕಡೆಯೋ ಈ ಕಡೆಯೋ, ನಮ್ಮನ್ನು ಒಂದು ಮಾತು ಕೇಳಬಹುದಿತ್ತು." ಕೇಳಿದ್ದರೆ ಊರಿನವರು ಏನು ಹೇಳುತ್ತಿದ್ದರೋ. ಅಜ್ಜನಿಗೆ ಉತ್ತರಕ್ಕಿಂತ ಜಾಸ್ತಿ ಚುಚ್ಚಿದ್ದು ಕೇಳದೆ ಇದ್ದದ್ದು. ಆ ಅಜ್ಜನ ಮೊಮ್ಮಗನನ್ನು ಒಂದು ದೂರದ ದೇಶ, ಇನ್ನೂ ಅದರ ಪ್ರಜೆಯೂ ಆಗಿರದಾಗ, ನಿನ್ನ ಅಭಿಪ್ರಾಯ ಏನು ಅಂತ ಕೇಳಿತು. ಶಾಲೆಯ ಆ ಹಲಗೆಯ ಮರೆಯಲ್ಲಿ ಪೆನ್ಸಿಲ್ ಹಿಡಿದು ನಿಂತಾಗ ನನ್ನ ಕೈ ನಡುಗಿತ್ತು.

ಆದ್ದರಿಂದ ಕೇಳಿಕೊಳ್ಳುತ್ತೇನೆ. ನಿಮ್ಮ ಹೆಸರು ಮತಪಟ್ಟಿಯಲ್ಲಿ ಇದೆಯಾ ನೋಡಿ. ವೀಸಾದ ಮೇಲೆ ಓದಲು ಬಂದ ಹುಡುಗ ಹುಡುಗಿಯರಲ್ಲಿ ತುಂಬ ಜನರಿಗೆ ತಮಗೆ ಓಟಿದೆ ಅಂತಲೇ ಗೊತ್ತಿಲ್ಲ, ನಾನು ಕೇಳಿದವರೆಲ್ಲ ಕಣ್ಣರಳಿಸಿದರು. ಭಾರತದ ಪ್ರಜೆಗಳು, ಇಲ್ಲಿರಲು ಅನುಮತಿ ಇದ್ದರೆ, ಹಾಲಿರೂಡ್‌ಗೂ ಕೌನ್ಸಿಲ್‌ಗೂ ವೆಸ್ಟ್‌ಮಿನ್‌ಸ್ಟರ್‌ಗೂ ಓಟು ಹಾಕಬಹುದು. ಹಾಲಿರೂಡ್‌ಗೆ ಹದಿನಾರು ತುಂಬಿದರೆ ಸಾಕು, ಹದಿನಾಲ್ಕಕ್ಕೇ ಹೆಸರು ಸೇರಿಸಬಹುದು. ಮತದಾನಕ್ಕೆ 12 ಕೆಲಸದ ದಿನ ಮುಂಚೆ ಪಟ್ಟಿ ಮುಚ್ಚುತ್ತದೆ, ಕೊನೇ ದಿನಕ್ಕೆ ಕಾಯಬೇಡಿ. 2014ರಲ್ಲಿ ಒಂದನೇ ಕ್ಲಾಸಿಗೆ ಸೇರಿದ್ದ ನನ್ನ ಮಗಳ ಹೆಸರು ಈಗ ಪಟ್ಟಿಯಲ್ಲಿದೆ. ತಲೆಮಾರು ಅಂದರೆ ಎಷ್ಟು ವರ್ಷ ಅಂತ ಅವಳು ನನ್ನನ್ನು ಕೇಳುತ್ತಾಳೆ.

ಇನ್ನು ಅಭ್ಯರ್ಥಿಗಳು ಯಾರೇ ಮನೆ ಬಾಗಿಲು ತಟ್ಟಲಿ, ಯಾವ ಪಕ್ಷದವರೇ ಆಗಲಿ, ಚಹಾ ಕೊಟ್ಟು ಕೂರಿಸಿ ಒಂದೇ ಒಂದು ಪ್ರಶ್ನೆ ಕೇಳಿ: "ಮತ್ತೆ ಜನಮತಗಣನೆ ಯಾವಾಗ ಕೇಳಬಹುದು ಅನ್ನುವ ನಿಯಮ ಬರೆಸುತ್ತೀರಾ? ಬರೆಸುವುದಾದರೆ ನಿಮ್ಮ ಲೆಕ್ಕ ಏನು?" ಬೇಕು ಅನ್ನುವವರಿಗೂ ಕೇಳಿ, ಬೇಡ ಅನ್ನುವವರಿಗೂ ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಮುಂದಿನ ತಿಂಗಳ ಊಟಕ್ಕೆ ಸೇರಿದಾಗ ಅದನ್ನು ತನ್ನಿ, ಒಟ್ಟಿಗೆ ಕೂತು ಓದೋಣ. ಹೋದ ಭಾನುವಾರ "ನಮಗ್ಯಾಕೆ" ಅಂದವರೂ ಬರಬೇಕು, ಅವರ ಪಕ್ಕದಲ್ಲೇ ನಾನು ಕೂರುತ್ತೇನೆ. ಹೆಸರು ಸೇರಿಸುವ ಫಾರ್ಮು ತುಂಬಲು ಕಷ್ಟ ಆದವರು ಊಟಕ್ಕೆ ಅರ್ಧ ಗಂಟೆ ಮುಂಚೆ ಬನ್ನಿ, ನಾನೂ ನನ್ನ ಮಗಳೂ ಲ್ಯಾಪ್‌ಟಾಪ್ ಹಿಡಿದು ಬಾಗಿಲ ಹತ್ತಿರ ಇರುತ್ತೇವೆ.

ನಿಮ್ಮವ,
ಗ್ಲಾಸ್ಗೋದಲ್ಲಿರುವ ಒಬ್ಬ ಕಾಸರಗೋಡಿನವ